ಮಿಲ್ ಗ್ರೇಡ್ ಅಂದರೆ ಏನು? 40 ಹಾರ್ನೆಸ್ ವಾಪಸ್ ಬಂದದ್ದು ಯಾಕೆ?

ಓದುಗರ ಪ್ರಶ್ನೆ:

"ಮೇಡಂ, ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ನಮ್ಮದೊಂದು ಸಣ್ಣ ವೈರಿಂಗ್ ಹಾರ್ನೆಸ್ (ತುದಿಗೆ ಕನೆಕ್ಟರ್ ಹಾಕಿದ ವೈರ್‌ಗಳ ಕಟ್ಟು) ಯೂನಿಟ್ ಇದೆ. 11 ಜನ ಇದ್ದೇವೆ. ಇಷ್ಟು ದಿನ ಟ್ರ್ಯಾಕ್ಟರ್ ಮತ್ತು ಕಂಟ್ರೋಲ್ ಪ್ಯಾನೆಲ್ ವೈರಿಂಗ್ ಮಾಡುತ್ತಿದ್ದೆವು. ಗುಬ್ಬಿ ತಾಲ್ಲೂಕಿಗೆ ಹೆಲಿಕಾಪ್ಟರ್ ಕಾರ್ಖಾನೆ ಬಂದ ಮೇಲೆ ರಕ್ಷಣಾ ಕೆಲಸಕ್ಕೂ ಕೈ ಹಾಕೋಣ ಅನ್ನಿಸಿತು. ಬೆಂಗಳೂರಿನ ಒಂದು ಕಂಪನಿಯಿಂದ ಮೊದಲ ಆರ್ಡರ್ ಸಿಕ್ಕಿತು. ಸೇನೆಯ ವಾಹನದ ಮೇಲೆ ಕೂರುವ ಉಪಕರಣಕ್ಕೆ 40 ಹಾರ್ನೆಸ್. ಎರಡೂ ತುದಿಗೆ 13 ಸಾಕೆಟ್‌ನ ದುಂಡನೆಯ ಕನೆಕ್ಟರ್. ಡ್ರಾಯಿಂಗ್‌ನಲ್ಲಿ ಮಿಲ್-ಸಿ-38999 ಅಂತ ಇತ್ತು. ಕನೆಕ್ಟರ್‌ಗಳನ್ನು ಅವರು ಹೇಳಿದ ಡಿಸ್ಟ್ರಿಬ್ಯೂಟರ್ ಹತ್ತಿರವೇ ತಂದೆವು. ಡ್ರಾಯಿಂಗ್‌ನ ವೈರ್ ಬೇಗ ಸಿಗಲಿಲ್ಲ, ಅದೇ 22 ಗೇಜ್‌ನ ಒಳ್ಳೆ ಪಿವಿಸಿ ವೈರ್ ಹಾಕಿದೆವು. ಕಂಪನ ಪರೀಕ್ಷೆಗೆ ಎರಡು ಹಾರ್ನೆಸ್ ಹಾಕಿದರಂತೆ, ಎರಡರಲ್ಲೂ ಸಿಗ್ನಲ್ ಬಿಟ್ಟು ಬಿಟ್ಟು ಬಂತಂತೆ. ಇನ್ನು ಮೂರರಲ್ಲಿ ಕನೆಕ್ಟರ್ ಜೋಡಿಸುವಾಗ ಸಾಕೆಟ್ ಹಿಂದಕ್ಕೆ ಸರಿಯಿತಂತೆ. ಪೂರ್ತಿ ಲಾಟ್ ವಾಪಸ್ ಕಳಿಸಿದ್ದಾರೆ. ನಾವು ಕಳಿಸುವ ಮುಂಚೆ ಮಲ್ಟಿಮೀಟರ್‌ನಲ್ಲಿ ಒಂದೊಂದೂ ನೋಡಿದ್ದೆವು, ಎಲ್ಲ ಸರಿ ಇತ್ತು. ಕನೆಕ್ಟರೇ ಕಳಪೆ ಇರಬೇಕು ಅನ್ನುತ್ತಾರೆ ನಮ್ಮ ಸೂಪರ್‌ವೈಸರ್. ಈಗ ಇನ್ನೊಬ್ಬ ಡೀಲರ್ ಮೂರನೇ ಒಂದು ಭಾಗದ ಬೆಲೆಗೆ ಮಿಲ್ ಗ್ರೇಡ್ ಕನೆಕ್ಟರ್ ಕೊಡ್ತೀನಿ, ಮಿಲ್-ಎಸ್‌ಟಿಡಿ-810 ಸರ್ಟಿಫಿಕೇಟೂ ಇದೆ, ಮಿಲ್-ಸಿ ಅನ್ನೋದು ನಿಂತೇ ಹೋಗಿದೆ ಅನ್ನುತ್ತಿದ್ದಾರೆ. ತೆಗೆದುಕೊಳ್ಳಬಹುದಾ? ನಮ್ಮ ಯೂನಿಟ್‌ಗೆ ಮಿಲ್ ಸರ್ಟಿಫಿಕೇಟ್ ಮಾಡಿಸಿಕೊಳ್ಳಬೇಕಾ? ಕ್ರಿಂಪಿಂಗ್ ಟೂಲ್‌ಗೆ ಅಷ್ಟೊಂದು ದುಡ್ಡು ಹಾಕಲೇಬೇಕಾ? ವಾಪಸ್ ಬಂದ ಮಾಲನ್ನು ಏನು ಮಾಡಲಿ?"

ಉತ್ತರ:

ಮೊದಲ ಆರ್ಡರ್ ಪೂರ್ತಿ ವಾಪಸ್ ಬಂದರೆ ಎಷ್ಟು ನೋವಾಗುತ್ತದೆ ಅಂತ ಗೊತ್ತು. ಈ ಕನೆಕ್ಟರ್‌ಗಳ ಪರಿಶೀಲನೆ ಮತ್ತು ಹಾರ್ನೆಸ್ ಗುಣಮಟ್ಟದ ಕೆಲಸದಲ್ಲೇ ನನ್ನ ವೃತ್ತಿಜೀವನ ಕಳೆದಿದೆ. ನಿಮ್ಮಂಥ ಎಷ್ಟೋ ಯೂನಿಟ್‌ಗಳು ಮೊದಲ ಲಾಟ್‌ನಲ್ಲಿ ಇದೇ ಜಾಗದಲ್ಲಿ ಎಡವಿದ್ದನ್ನು ನೋಡಿದ್ದೇನೆ. ಎದ್ದು ನಿಂತು ಚೆನ್ನಾಗಿ ಬೆಳೆದವರನ್ನೂ ನೋಡಿದ್ದೇನೆ. ನೀವು ಏನೂ ಮುಚ್ಚಿಡದೆ ಬರೆದಿದ್ದೀರಿ (ಪತ್ರದ ಮುಖ್ಯ ಭಾಗ ಮಾತ್ರ ಮೇಲಿದೆ), ಜೊತೆಗೆ ಆರ್ಡರ್ ಕಾಗದಗಳು ಮತ್ತು ನಾಲ್ಕು ಫೋಟೊ ಕಳಿಸಿದ್ದೀರಿ. ಅದರಿಂದ ನನ್ನ ಕೆಲಸ ಅರ್ಧ ಹಗುರವಾಯಿತು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ನಿಮ್ಮ ಕನೆಕ್ಟರ್ ಕಳಪೆಯಲ್ಲ. ತೊಂದರೆ ಇರುವುದು ಕ್ರಿಂಪ್‌ನಲ್ಲಿ (ವೈರ್ ತುದಿಯನ್ನು ಲೋಹದ ಸಣ್ಣ ಕೊಳವೆಯೊಳಗೆ ಒತ್ತಿ ಹಿಡಿಸುವ ಜೋಡಣೆ) ಮತ್ತು ವೈರ್‌ನಲ್ಲಿ. ಹೊಸ ಡೀಲರ್ ಹತ್ತಿರ ಹೋದರೆ ಇರುವ ಎರಡು ತೊಂದರೆಗೆ ಮೂರನೆಯದು ಸೇರುತ್ತದೆ, ಅಷ್ಟೆ.

"ಮಿಲ್ ಗ್ರೇಡ್" ಅನ್ನುವ ಮಾತು

ಮಿಲ್ ಅನ್ನುವುದು ಮಿಲಿಟರಿಯ ಚಿಕ್ಕ ರೂಪ. ಅಂಗಡಿಯಲ್ಲಿ "ಮಿಲ್ ಗ್ರೇಡ್" ಅಂದರೆ ಗಟ್ಟಿಮುಟ್ಟಾದದ್ದು, ಒಳ್ಳೆಯದು ಅನ್ನುವ ಅರ್ಥದಲ್ಲಿ ಹೇಳುತ್ತಾರೆ. ಆದರೆ ಅಂಥ ಗ್ರೇಡ್ ಯಾವ ದಾಖಲೆಯಲ್ಲೂ ಇಲ್ಲ. ಇರುವುದು ಸ್ಪೆಸಿಫಿಕೇಷನ್. ಅಂದರೆ ಕೊಳ್ಳುವವರು ಮತ್ತು ಮಾಡುವವರ ನಡುವಿನ ಒಂದು ಲಿಖಿತ ಒಪ್ಪಂದ. ಇಷ್ಟು ಅಳತೆ, ಇಂಥ ಲೋಹ, ಇಂಥ ಲೇಪ, ಇಷ್ಟು ಶಾಖ ತಡೆಯಬೇಕು, ಅದನ್ನು ಹೀಗೆ ಪರೀಕ್ಷೆ ಮಾಡಿ ತೋರಿಸಬೇಕು ಅಂತ ಅದರಲ್ಲಿ ಸಾಲು ಸಾಲಾಗಿ ಬರೆದಿರುತ್ತದೆ. ಆ ಒಪ್ಪಂದದ ಸಾರವೆಲ್ಲ ಇರುವುದು ಪಾರ್ಟ್ ನಂಬರ್‌ನಲ್ಲಿ. ಅದನ್ನು ಓದುವುದು ಕಲಿತರೆ ಡೀಲರ್ ಬಾಯಿಮಾತು ನಂಬಬೇಕಾಗಿಲ್ಲ.

ನಿಮ್ಮ ಡ್ರಾಯಿಂಗ್‌ನ ನಂಬರನ್ನೇ ಬಿಡಿಸೋಣ: ಡಿ38999/26 ಡಬ್ಲ್ಯು ಬಿ 35 ಎಸ್ ಎನ್. ಡಿ38999 ಅಂದರೆ ಸ್ಪೆಸಿಫಿಕೇಷನ್. 26 ಅಂದರೆ ಅದರ 3ನೇ ಸೀರೀಸ್‌ನ ನೇರ ಪ್ಲಗ್, ಕೇಬಲ್ ತುದಿಗೆ ಹಾಕುವಂಥದ್ದು. ಡಬ್ಲ್ಯು ಅಂದರೆ ಮೇಲಿನ ಲೇಪ. ಅಲ್ಯೂಮಿನಿಯಂ ಶೆಲ್ (ಹೊರಕವಚ) ಮೇಲೆ ನಿಕ್ಕಲ್, ಅದರ ಮೇಲೆ ಆಲಿವ್ ಹಸಿರಿನ ಕ್ಯಾಡ್ಮಿಯಂ. ಬಿ ಅಂದರೆ ಶೆಲ್ ಸೈಜ್ 11. 35 ಅಂದರೆ ಒಳಗಿನ ಜೋಡಣೆ. ಈ ಸೈಜ್‌ನಲ್ಲಿ 22ಡಿ ಅಳತೆಯ 13 ಕಾಂಟ್ಯಾಕ್ಟ್, ಅಂದರೆ ವೈರ್ ತುದಿಗೆ ಹಾಕುವ ಪಿನ್ ಅಥವಾ ಸಾಕೆಟ್. ಎಸ್ ಅಂದರೆ ಸಾಕೆಟ್, ಪಿ ಇದ್ದಿದ್ದರೆ ಪಿನ್. ಕೊನೆಯ ಎನ್ ಕೀಲಿಯ ಸ್ಥಾನ. ಪಕ್ಕಪಕ್ಕದಲ್ಲಿ ಒಂದೇ ಥರದ ಎರಡು ಕನೆಕ್ಟರ್ ಇದ್ದರೆ ಅದಲು ಬದಲಾಗದಿರಲಿ ಅಂತ ಎನ್, ಎ, ಬಿ, ಸಿ ಹೀಗೆ ಬೇರೆ ಬೇರೆ ಸ್ಥಾನ ಕೊಟ್ಟಿರುತ್ತಾರೆ. ಇದರಲ್ಲಿ ಒಂದಕ್ಷರ ಬದಲಾದರೂ ಅದು ಬೇರೆಯೇ ವಸ್ತು.

ನಿಮ್ಮ ಡೀಲರ್ ಕಳಿಸಿದ ಮಾದರಿಯ ಫೋಟೊ ನೋಡಿದೆ. ಹೊಳೆಯುವ ಬಿಳಿ ನಿಕ್ಕಲ್ ಲೇಪ. ಸ್ಪೆಸಿಫಿಕೇಷನ್‌ನಲ್ಲಿ ಅದಕ್ಕೆ ಹತ್ತಿರವಾದದ್ದು ಎಫ್ ಕ್ಲಾಸ್. ಎಫ್ ಕ್ಲಾಸ್ 200 ಡಿಗ್ರಿ ಸೆಲ್ಸಿಯಸ್ ಶಾಖ ತಡೆಯುತ್ತದೆ, ಡಬ್ಲ್ಯು 175. ಇಷ್ಟು ಕೇಳಿದರೆ ಎಫ್ ಮೇಲು ಅನ್ನಿಸಬಹುದು. ಆದರೆ ಉಪ್ಪುನೀರಿನ ಮಂಜಿನ ಪರೀಕ್ಷೆಯಲ್ಲಿ ಡಬ್ಲ್ಯು 500 ಗಂಟೆ ನಿಲ್ಲಬೇಕು, ಎಫ್‌ಗೆ 48 ಗಂಟೆ ಸಾಕು. ನಮ್ಮ ತುಮಕೂರಿನಲ್ಲಿ ಸಮುದ್ರ ಎಲ್ಲಿದೆ ಅಂತ ನಿಮ್ಮ ಸೂಪರ್‌ವೈಸರ್ ಕೇಳಿದ್ದಾರೆ. ವಾಹನ ತುಮಕೂರಿನಲ್ಲೇ ಇರುವುದಿಲ್ಲ ಅಲ್ವಾ? ಇಂದು ರಾಜಸ್ಥಾನ, ನಾಳೆ ಅಂಡಮಾನ್. ಬಿಚ್ಚಿ ಹಾಕುವವರ ಕೈ ಬೆವರಿನಲ್ಲೂ ಉಪ್ಪು ಇರುತ್ತದೆ. ಇನ್ನೊಂದು ವಿಷಯ. ಬೇರೆ ಬೇರೆ ಲೇಪದ ಎರಡು ಲೋಹ ಒಂದಕ್ಕೊಂದು ತಾಗಿಕೊಂಡು ತೇವದಲ್ಲಿದ್ದರೆ ಒಂದು ಇನ್ನೊಂದನ್ನು ತಿನ್ನುತ್ತದೆ. ಉಪಕರಣದ ಕಡೆ ಇರುವ ಕನೆಕ್ಟರ್ ಡಬ್ಲ್ಯು, ನಿಮ್ಮದು ನಿಕ್ಕಲ್ ಆದರೆ ಆ ಜೋಡಿ ಸರಿಹೋಗುವುದಿಲ್ಲ.

ಆ ಮಾದರಿಯ ಶೆಲ್ ಮೇಲೆ ಏನು ಅಚ್ಚಾಗಿದೆ ಅಂತಲೂ ನೋಡಿದೆ. ಡಿ38999 ಅಂತ ಇಲ್ಲ, ಅವರದೇ ಯಾವುದೋ ನಂಬರ್ ಇದೆ. ಡಿ38999 ಅಂತ ಗುರುತು ಹಾಕುವ ಹಕ್ಕು ಅರ್ಹತಾ ಪರೀಕ್ಷೆ ಪಾಸಾಗಿ, ಅಮೆರಿಕದ ರಕ್ಷಣಾ ಇಲಾಖೆಯ ಡಿಎಲ್‌ಎ ಸಂಸ್ಥೆಯ ಅರ್ಹ ಉತ್ಪನ್ನಗಳ ಪಟ್ಟಿ ಸೇರಿದ ತಯಾರಕರಿಗೆ ಮಾತ್ರ. ಆ ಪಟ್ಟಿಗೆ ಕ್ಯುಪಿಎಲ್ ಅನ್ನುತ್ತಾರೆ. ಪಟ್ಟಿಯಲ್ಲಿ ಇಲ್ಲದವರ ಮಾಲು ಕೆಟ್ಟದ್ದೇ ಇರಬೇಕು ಅಂತಿಲ್ಲ. ಆದರೆ ಅದು ಡಿ38999 ಅಲ್ಲ, "ಅದರ ಹಾಗೆ ಇರುವುದು".

ಡೀಲರ್ ಹೇಳಿದ ಇನ್ನೆರಡು ಮಾತು

"ಮಿಲ್-ಸಿ ನಿಂತುಹೋಗಿದೆ" ಅನ್ನುವುದರಲ್ಲಿ ಅರ್ಧ ಸತ್ಯ ಇದೆ. 1994ರಲ್ಲಿ ಅಮೆರಿಕದ ರಕ್ಷಣಾ ಕಾರ್ಯದರ್ಶಿ ವಿಲಿಯಂ ಪೆರಿ ಒಂದು ಆದೇಶ ಹೊರಡಿಸಿದರು. ಸಾಧ್ಯವಿದ್ದ ಕಡೆಯೆಲ್ಲ ಸೇನೆಯದೇ ಸ್ಪೆಸಿಫಿಕೇಷನ್ ಬಿಟ್ಟು ಉದ್ಯಮದ ಸ್ಟ್ಯಾಂಡರ್ಡ್ ಬಳಸಿ, ಇಲ್ಲವೇ ವಸ್ತು ಹೇಗೆ ಕೆಲಸ ಮಾಡಬೇಕು ಅನ್ನುವುದನ್ನು ಮಾತ್ರ ಹೇಳಿ ಅಂತ. ಆಮೇಲೆ ಸಾವಿರಾರು ದಾಖಲೆಗಳ ಹೆಸರು ಬದಲಾಯಿತು. ಮಿಲ್-ಸಿ-38999 ಹೋಗಿ ಮಿಲ್-ಡಿಟಿಎಲ್-38999 ಆಯಿತು. ಒಳಗಿನ ಕಾಂಟ್ಯಾಕ್ಟ್‌ನ ಮಿಲ್-ಸಿ-39029 ಈಗ ಎಸ್‌ಎಇ ಸಂಸ್ಥೆಯ ಎಎಸ್39029. ವೈರ್‌ನ ಮಿಲ್-ಡಬ್ಲ್ಯು-22759 ಈಗ ಎಎಸ್22759. ಹಳೆ ಡ್ರಾಯಿಂಗ್‌ಗಳಲ್ಲಿ ಹಳೆ ಹೆಸರು ಉಳಿದಿರುವುದು ಮಾಮೂಲು. ಹೆಸರು ಬದಲಾಗಿದೆ, ವಸ್ತು ನಿಂತಿಲ್ಲ. ಮಿಲ್ ಹೆಸರಿನ ಇತ್ತೀಚಿನ ಪ್ರತಿಗಳು ಅಮೆರಿಕ ಸರ್ಕಾರದ ಅಸಿಸ್ಟ್ ತಾಣದಲ್ಲಿ ಪುಕ್ಕಟೆ ಸಿಗುತ್ತವೆ, ಇಳಿಸಿಕೊಂಡು ಪ್ರಿಂಟ್ ತೆಗೆದು ಬೆಂಚಿನ ಹತ್ತಿರ ಇಡಿ. ಎಎಸ್ ದಾಖಲೆಗಳನ್ನು ಮಾತ್ರ ದುಡ್ಡು ಕೊಟ್ಟು ತೆಗೆದುಕೊಳ್ಳಬೇಕು.

ಇನ್ನು "810 ಸರ್ಟಿಫಿಕೇಟ್". ಮಿಲ್-ಎಸ್‌ಟಿಡಿ-810 ಮೊದಲು ಬಂದದ್ದು 1962ರಲ್ಲಿ. ಈಗಿನ ಎಚ್ ಆವೃತ್ತಿ 2019ರದ್ದು. ಅದು ಪರೀಕ್ಷಾ ವಿಧಾನಗಳ ಪುಸ್ತಕ. ಶಾಖ, ಚಳಿ, ದೂಳು, ಉಪ್ಪಿನ ಮಂಜು, ಕಂಪನ, ಹೊಡೆತ, ಶಿಲೀಂಧ್ರ ಹೀಗೆ ಒಂದೊಂದಕ್ಕೂ ಬೇರೆ ಬೇರೆ ವಿಧಾನ ಕೊಡುತ್ತದೆ. ಯಾವುದನ್ನು ಎಷ್ಟು ಜೋರಾಗಿ ಮಾಡಬೇಕು ಅನ್ನುವುದನ್ನು ಉಪಕರಣ ಎಲ್ಲಿ ಬಳಕೆಯಾಗುತ್ತದೆ ಅಂತ ನೋಡಿ ನೀವೇ ನಿರ್ಧರಿಸಬೇಕು ಅಂತ ಆ ಪುಸ್ತಕವೇ ಹೇಳುತ್ತದೆ. "810 ಪಾಸ್" ಅಂತ ಸರ್ಟಿಫಿಕೇಟ್ ಕೊಡುವ ಸರ್ಕಾರಿ ಕಚೇರಿ ಯಾವುದೂ ಇಲ್ಲ. ಹಾಗಾಗಿ ಆ ಕಾಗದ ತೋರಿಸಿದರೆ ಯಾವ ವಿಧಾನ, ಯಾವ ಮಟ್ಟ, ಎಷ್ಟು ಹೊತ್ತು, ಯಾವ ಲ್ಯಾಬ್, ಎಷ್ಟು ಮಾದರಿ ಅಂತ ಕೇಳಿ. ಲ್ಯಾಬ್ ರಿಪೋರ್ಟ್ ಇಲ್ಲದಿದ್ದರೆ ಆ ಕಾಗದಕ್ಕೆ ಬೆಲೆ ಇಲ್ಲ. ಇದ್ದರೂ ಒಂದು ಮಾತು. 810 ಬರೆದಿರುವುದು ಪೂರ್ತಿ ಉಪಕರಣಗಳಿಗಾಗಿ. ಕನೆಕ್ಟರ್‌ಗಳ ಪರೀಕ್ಷೆಗೆ ಇಐಎ-364 ಅನ್ನುವ ಬೇರೆಯೇ ಸರಣಿ ಇದೆ.

ನಿಮ್ಮ ಆರ್ಡರ್‌ನಲ್ಲಿ ಜೆಎಸ್‌ಎಸ್ 55555 ಅಂತಲೂ ಇದೆ. ಅದು ನಮ್ಮ ದೇಶದ್ದು, ಮೂರೂ ಸೇನೆಗಳಿಗೆ ಸೇರಿ ಇರುವ ಪರಿಸರ ಪರೀಕ್ಷೆಗಳ ದಾಖಲೆ. 810 ಮಾಡುವ ಕೆಲಸವನ್ನೇ ಮಾಡುತ್ತದೆ, ಆದರೆ ಎರಡೂ ಒಂದೇ ಅಲ್ಲ. ಉಪಕರಣ ನೆಲದ ಮೇಲೋ, ವಾಹನದ ಮೇಲೋ, ಹಡಗಿನಲ್ಲೋ, ವಿಮಾನದಲ್ಲೋ ಅನ್ನುವುದರ ಮೇಲೆ ಅದರಲ್ಲಿ ಪರೀಕ್ಷೆಯ ಪಟ್ಟಿ ಬದಲಾಗುತ್ತದೆ. ನಿಮ್ಮದಕ್ಕೆ ಯಾವ ವರ್ಗ, ಯಾವ ಪರೀಕ್ಷೆಗಳು ಅಂತ ಕಸ್ಟಮರ್ ಹತ್ತಿರ ಬರಹದಲ್ಲಿ ತರಿಸಿಕೊಳ್ಳಿ. ಇದನ್ನು ಕೇಳಲು ಸಂಕೋಚ ಬೇಡ. ಕೇಳುವವರ ಮೇಲೆ ಕಸ್ಟಮರ್‌ಗೆ ನಂಬಿಕೆ ಜಾಸ್ತಿಯಾಗುತ್ತದೆ.

ಮಲ್ಟಿಮೀಟರ್‌ನಲ್ಲಿ ಸರಿ ಇದ್ದದ್ದು ಕಂಪನದಲ್ಲಿ ಯಾಕೆ ತಪ್ಪಿತು

ಈಗ ನಿಮ್ಮ ಫೋಟೊಗಳಿಗೆ ಬರೋಣ. ಎರಡನೇ ಫೋಟೊದಲ್ಲಿ ಹೊರಗೆ ತೆಗೆದ ಒಂದು ಸಾಕೆಟ್ ಇದೆ. ದೊಡ್ಡದು ಮಾಡಿ ನೋಡಿದೆ. ಅದರ ಹಿಂಭಾಗದ ಕೊಳವೆ ಎರಡು ಕಡೆಯಿಂದ ಚಪ್ಪಟೆಯಾಗಿದೆ. ಟ್ರ್ಯಾಕ್ಟರ್ ಟರ್ಮಿನಲ್‌ಗೆ ಬಳಸುವ ಇಕ್ಕಳದಿಂದ ಒತ್ತಿದರೆ ಹೀಗೇ ಆಗುವುದು. ಈ ಸಣ್ಣ ಕಾಂಟ್ಯಾಕ್ಟ್‌ಗಳಿಗೆ ಹೇಳಿರುವ ಟೂಲ್ ಎಂ22520/2-01. ಅದು ನಾಲ್ಕೂ ಕಡೆಯಿಂದ ಒಟ್ಟಿಗೆ ಒತ್ತುತ್ತದೆ. ಒಳಗಿನ ಎಳೆಗಳು ಮತ್ತು ಕೊಳವೆಯ ಗೋಡೆ ಸಂದಿಲ್ಲದೆ ಬೆಸೆದುಕೊಳ್ಳುತ್ತವೆ. ಇಕ್ಕಳದಿಂದ ಚಪ್ಪಟೆ ಮಾಡಿದರೆ ಎರಡು ಬದಿಗೆ ಗಾಳಿಸಂದು ಉಳಿಯುತ್ತದೆ. ಕೈಯಲ್ಲಿ ಎಳೆದರೆ ಬರುವುದಿಲ್ಲ, ಮೀಟರ್ ಇಟ್ಟರೆ ಬೀಪ್ ಅನ್ನುತ್ತದೆ. ಆದರೆ ಕಂಪನದಲ್ಲಿ ಆ ಎಳೆಗಳು ಕ್ಷಣಕ್ಷಣಕ್ಕೂ ಗೋಡೆ ಬಿಟ್ಟು ಹಿಡಿದು ಮಾಡುತ್ತವೆ.

38999ರ ಕಂಪನ ಪರೀಕ್ಷೆಯಲ್ಲಿ ಒಂದು ಮೈಕ್ರೊಸೆಕೆಂಡ್‌ಗಿಂತ ಜಾಸ್ತಿ ಸಂಪರ್ಕ ತಪ್ಪಿದರೆ ಫೇಲ್. ಅಂದರೆ ಒಂದು ಸೆಕೆಂಡನ್ನು ಹತ್ತು ಲಕ್ಷ ಭಾಗ ಮಾಡಿ, ಅದರಲ್ಲಿ ಒಂದು ಭಾಗ. ಮಲ್ಟಿಮೀಟರ್‌ನ ಬಜರ್‌ಗೆ ಅದನ್ನು ಹಿಡಿಯುವ ಶಕ್ತಿ ಎಲ್ಲಿದೆ? ನಿಮ್ಮ ಹುಡುಗಿಯರು ಒಂದೊಂದು ವೈರೂ ನೋಡಿ ಟಿಕ್ ಹಾಕಿದ್ದಾರೆ ಅಂತ ಬರೆದಿದ್ದೀರಿ. ಅವರ ತಪ್ಪೇನೂ ಇಲ್ಲ. ಆ ಮೀಟರ್ ವೈರ್ ಸರಿಯಾದ ಜಾಗಕ್ಕೆ ಹೋಗಿದೆ ಅಂತ ಹೇಳುತ್ತದೆ, ಕ್ರಿಂಪ್ ಚೆನ್ನಾಗಿದೆ ಅಂತ ಹೇಳುವುದಿಲ್ಲ.

ಕೆಲವು ಕ್ರಿಂಪ್ ಮೇಲೆ ಸೂಪರ್‌ವೈಸರ್ ಒಂದು ಹನಿ ಸೋಲ್ಡರ್ ಹಾಕಿಸಿದ್ದಾರೆ. "ಇನ್ನೂ ಗಟ್ಟಿಯಾಗಲಿ" ಅನ್ನುವ ಒಳ್ಳೆ ಮನಸ್ಸಿನಿಂದಲೇ ಮಾಡಿಸಿರುತ್ತಾರೆ. ಆದರೆ ಅದರಿಂದ ಗಟ್ಟಿಯಾಗುವುದಿಲ್ಲ. ಕರಗಿದ ಸೋಲ್ಡರ್ ಎಳೆಗಳ ನಡುವೆ ಮೇಲಕ್ಕೆ ಹೀರಿಕೊಂಡು ಹೋಗುತ್ತದೆ. ಅಲ್ಲಿಯವರೆಗೆ ವೈರ್ ಕಡ್ಡಿಯಂತೆ ಬಿಗಿಯಾಗುತ್ತದೆ. ಸೋಲ್ಡರ್ ಮುಗಿಯುವ ಜಾಗದಲ್ಲೇ ಬಾಗಿ ಬಾಗಿ, ಕೊನೆಗೆ ಅಲ್ಲೇ ತುಂಡಾಗುತ್ತದೆ. ಈ ಕಾಂಟ್ಯಾಕ್ಟ್‌ಗಳ ಮೇಲೆ ನಿಕ್ಕಲ್, ಅದರ ಮೇಲೆ ಸುಮಾರು 1.27 ಮೈಕ್ರಾನ್ ಚಿನ್ನದ ಲೇಪ ಇರುತ್ತದೆ. ಅದರ ಮೇಲೆ ಸೋಲ್ಡರ್ ಹರಿದರೆ ಆ ಲೇಪಕ್ಕೆ ಕೊಟ್ಟ ದುಡ್ಡೂ ಹೋಯಿತು. ಕ್ರಿಂಪ್ ಅಂದರೆ ಕ್ರಿಂಪ್ ಮಾತ್ರ.

ಇನ್ನು ಸಾಕೆಟ್ ಹಿಂದೆ ಸರಿದದ್ದಕ್ಕೆ ಎರಡು ಕಾರಣ ಇರಬಹುದು. ಒಂದು, ಒಳಗೆ ಪೂರ್ತಿ ಕೂತಿಲ್ಲ. ಸರಿಯಾದ ಪ್ಲಾಸ್ಟಿಕ್ ಟೂಲ್‌ನಿಂದ ಹಿಂದಿನಿಂದ ತಳ್ಳಿದಾಗ ಸಣ್ಣಗೆ "ಟಕ್" ಅನ್ನಬೇಕು. ಒಳಗಿನ ಕ್ಲಿಪ್ ಹಿಡಿದುಕೊಂಡ ಸದ್ದು ಅದು. ಆಮೇಲೆ ವೈರನ್ನು ಹಗುರಾಗಿ ಹಿಂದಕ್ಕೆ ಎಳೆದು ನೋಡಬೇಕು. ಚಪ್ಪಟೆಯಾದ ಕೊಳವೆ ದುಂಡಗಿನ ರಂಧ್ರದಲ್ಲಿ ಸಲೀಸಾಗಿ ಹೋಗುವುದಿಲ್ಲ, ಅರ್ಧದಲ್ಲೇ ನಿಲ್ಲುತ್ತದೆ. ಎರಡನೆಯ ಕಾರಣ, ಕಾಂಟ್ಯಾಕ್ಟೇ ಬೇರೆ ಆಗಿರಬಹುದು. ಇದನ್ನು ಪತ್ತೆ ಮಾಡುವುದು ಸುಲಭ. ಪ್ರತಿ ಕಾಂಟ್ಯಾಕ್ಟ್ ಮೇಲೂ ಮೂರು ಬಣ್ಣದ ಸಣ್ಣ ಪಟ್ಟಿ ಇರುತ್ತದೆ. ರೆಸಿಸ್ಟರ್ ಬಣ್ಣದ ಲೆಕ್ಕವೇ ಇದಕ್ಕೂ. ಕಿತ್ತಳೆ, ಹಳದಿ, ಬೂದು ಇದ್ದರೆ 3, 4, 8. ಅದು 348, ನಿಮಗೆ ಬೇಕಾದ ಸಾಕೆಟ್. ಕಿತ್ತಳೆ, ಹಸಿರು, ಹಳದಿ ಇದ್ದರೆ 354. ಅದೂ 22ಡಿ ಸಾಕೆಟೇ, ಆದರೆ 2ನೇ ಸೀರೀಸ್‌ನದು, ಉದ್ದ ಬೇರೆ. ಒಂದರ ಜಾಗಕ್ಕೆ ಇನ್ನೊಂದು ಆಗುವುದಿಲ್ಲ. ಬಿಡಿ ಕಾಂಟ್ಯಾಕ್ಟ್ ತಂದಿದ್ದರೆ ಒಂದು ಭೂತಗನ್ನಡಿ ಇಟ್ಟುಕೊಂಡು ಕಿಟಕಿ ಬೆಳಕಿನಲ್ಲಿ ಎಲ್ಲವನ್ನೂ ನೋಡಿ. ಅರ್ಧ ದಿನದ ಕೆಲಸ.

ನನಗೆ ಹೆಚ್ಚು ಚಿಂತೆ ತಂದ ಸಾಲು

"ಅದೇ 22 ಗೇಜ್‌ನ ಒಳ್ಳೆ ಪಿವಿಸಿ ವೈರ್ ಹಾಕಿದೆವು." ಇದನ್ನು ನೀವು ಸಹಜವಾಗಿ ಬರೆದಿದ್ದೀರಿ. ನನಗೆ ನಿಮ್ಮ ಇಡೀ ಪತ್ರದಲ್ಲಿ ಎದ್ದು ಕಂಡದ್ದು ಇದೇ ಸಾಲು.

ಗೇಜ್ ಅಂದರೆ ಒಳಗಿನ ತಾಮ್ರದ ಅಳತೆ. ಹೊರಗಿನ ಇನ್ಸುಲೇಷನ್ ಎಷ್ಟು ದಪ್ಪ ಅಂತ ಅದು ಹೇಳುವುದಿಲ್ಲ. ಕನೆಕ್ಟರ್ ಹಿಂಭಾಗದಲ್ಲಿ ಒಂದು ಮೆತ್ತನೆಯ ರಬ್ಬರ್ ತಟ್ಟೆ ಇದೆ, ಗ್ರೊಮೆಟ್ ಅನ್ನುತ್ತೇವೆ. ಅದರ ಪ್ರತಿ ತೂತಿನ ಒಳಗೂ ತೆಳ್ಳಗಿನ ತುಟಿಗಳಿವೆ. ಆ ತುಟಿಗಳೇ ವೈರ್ ಸುತ್ತ ಬಿಗಿಯಾಗಿ ಕೂತು ನೀರು, ದೂಳು ಒಳಗೆ ಹೋಗದಂತೆ ತಡೆಯುವುದು. 22ಡಿ ಸೈಜ್‌ಗೆ ಹೊರವ್ಯಾಸ 0.76ರಿಂದ 1.37 ಮಿಲಿಮೀಟರ್ ಒಳಗೆ ಇರಬೇಕು. ಡ್ರಾಯಿಂಗ್‌ನಲ್ಲಿದ್ದ ಎಎಸ್22759/32 ವೈರ್ 22 ಗೇಜ್‌ನಲ್ಲಿ ಹೆಚ್ಚುಕಮ್ಮಿ 1.1 ಮಿಲಿಮೀಟರ್. ಮಾಮೂಲಿ ಪಿವಿಸಿ ವೈರ್ ಅದೇ ಗೇಜ್‌ನಲ್ಲಿ ಒಂದೂವರೆ ಮಿಲಿಮೀಟರ್ ದಾಟುತ್ತದೆ. ನಿಮ್ಮ ಮೂರನೇ ಫೋಟೊದಲ್ಲಿ ಹಳದಿ ವೈರ್ ಪಕ್ಕ ರಬ್ಬರ್ ಅರ್ಧಚಂದ್ರದ ಹಾಗೆ ಕಿತ್ತಿದೆ ನೋಡಿ. ದಪ್ಪ ವೈರನ್ನು ಒತ್ತಿ ತೂರಿಸಿದಾಗ ಆದದ್ದು ಅದು. ಆ ಕನೆಕ್ಟರ್ ಇನ್ನು ನೀರು ತಡೆಯುವುದಿಲ್ಲ. ಗ್ರೊಮೆಟ್ ಬದಲಾಯಿಸಲೂ ಆಗುವುದಿಲ್ಲ.

ಜೊತೆಗೆ /32 ವೈರ್‌ನ ಇನ್ಸುಲೇಷನ್ 150 ಡಿಗ್ರಿ ತಡೆಯುತ್ತದೆ. ಮಾಮೂಲಿ ಪಿವಿಸಿ ಅಷ್ಟು ತಡೆಯುವುದಿಲ್ಲ, ಬೆಂಕಿ ಹತ್ತಿದರೆ ಗಂಟಲು ಸುಡುವ ಆಮ್ಲದ ಹೊಗೆ ಬರುತ್ತದೆ. ಮುಚ್ಚಿದ ವಾಹನದೊಳಗೆ ಮನುಷ್ಯರು ಕೂತಿರುತ್ತಾರೆ.

ನಿಮ್ಮ ಕಸ್ಟಮರ್ ರಿಜೆಕ್ಷನ್ ರಿಪೋರ್ಟ್‌ನಲ್ಲಿ ವೈರ್ ವಿಷಯ ಇಲ್ಲ. ಅವರ ಕಣ್ಣಿಗೆ ಬಿದ್ದಿಲ್ಲ ಅನ್ನಿಸುತ್ತದೆ. ದಯವಿಟ್ಟು ನೀವಾಗಿ ಹೇಳಿ. "ಡ್ರಾಯಿಂಗ್‌ನ ವೈರ್ ಸಿಗದೆ ಬೇರೆ ಹಾಕಿದ್ದೆವು, ಅನುಮತಿ ಕೇಳಿರಲಿಲ್ಲ, ತಪ್ಪಾಯಿತು" ಅಂತ ಬರೆದು ಕೊಡಿ. ಅವರು ಬೈಯಬಹುದು. ಆದರೆ ಈ ಉದ್ಯಮದಲ್ಲಿ ಕೆಟ್ಟ ಕ್ರಿಂಪ್ ಮಾಡಿದವರಿಗೆ ಎರಡನೇ ಆರ್ಡರ್ ಸಿಕ್ಕಿದ್ದನ್ನು ನೋಡಿದ್ದೇನೆ. ವೈರ್ ಬದಲಾಯಿಸಿ ಹೇಳದೆ ಇದ್ದು, ಆಮೇಲೆ ಸಿಕ್ಕಿಬಿದ್ದವರಿಗೆ ಸಿಕ್ಕಿದ್ದನ್ನು ನೋಡಿಲ್ಲ.

ಯೂನಿಟ್‌ಗೆ ಮಿಲ್ ಸರ್ಟಿಫಿಕೇಟ್

ಅಂಥದ್ದು ಇಲ್ಲ, ಯಾರಾದರೂ ಮಾಡಿಸಿಕೊಡ್ತೀವಿ ಅಂದರೆ ದುಡ್ಡು ಕೊಡಬೇಡಿ. ಹಾರ್ನೆಸ್ ಮಾಡುವವರಿಗೆ ಬೇಕಾಗುವುದು ಬೇರೆ. ಸದ್ಯಕ್ಕೆ ಗುಣಮಟ್ಟ ವ್ಯವಸ್ಥೆಯ ಐಎಸ್‌ಒ 9001, ಮುಂದೆ ವಿಮಾನದ ಕೆಲಸಕ್ಕೆ ಹೋಗುವುದಾದರೆ ಎಎಸ್9100. ಕೈಕೆಲಸದ ಗುಣಮಟ್ಟಕ್ಕೆ ಐಪಿಸಿ-ಎ-620 ಅನ್ನುವ ಸ್ಟ್ಯಾಂಡರ್ಡ್ ಇದೆ. ಅದರಲ್ಲಿ ಒಳ್ಳೆಯ ಕ್ರಿಂಪ್ ಹೇಗಿರುತ್ತದೆ, ಕೆಟ್ಟದ್ದು ಹೇಗಿರುತ್ತದೆ ಅಂತ ಚಿತ್ರ ಸಮೇತ ಇದೆ. ನಿಮ್ಮ 11 ಜನರಲ್ಲಿ ಇಬ್ಬರನ್ನಾದರೂ ಅದರ ತರಬೇತಿಗೆ ಕಳಿಸಿ. ಮಾಲೀಕರಾದ ನೀವು ಹೋಗುವುದಕ್ಕಿಂತ ಬೆಂಚಿನಲ್ಲಿ ಕೂತು ಕೆಲಸ ಮಾಡುವವರು ಹೋಗುವುದು ಮುಖ್ಯ.

ಹೆಲಿಕಾಪ್ಟರ್ ಕೆಲಸದ ಆಸೆ ಇಟ್ಟುಕೊಂಡಿದ್ದೀರಿ, ಒಳ್ಳೆಯದು. ಹಾರುವ ವಸ್ತುವಿಗೆ ಬೆಂಗಳೂರಿನ ಸೆಮಿಲ್ಯಾಕ್ ಹಾರಾಟ ಯೋಗ್ಯತೆಯ ಒಪ್ಪಿಗೆ ಕೊಡುತ್ತದೆ. ಅಲ್ಲಿ ಒಂದು ಸ್ಕ್ರೂ ಬದಲಿಸಲೂ ಬರಹದ ಅನುಮತಿ ಬೇಕು. ಮೊದಲು ನೆಲದ ಉಪಕರಣಗಳಲ್ಲಿ ಎರಡು ಮೂರು ವರ್ಷ ಕೈ ಪಳಗಿಸಿಕೊಳ್ಳಿ ಅನ್ನುವುದು ನನ್ನ ಸಲಹೆ.

ಕನೆಕ್ಟರ್ ಎಲ್ಲಿಂದ ತರುವುದು

ಕನೆಕ್ಟರನ್ನು ಕಸ್ಟಮರ್ರೇ ಕೊಡಲಿ, ನೀವು ಕೂಲಿಗೆ ಕೆಲಸ ಮಾಡಿಕೊಡಿ ಅನ್ನುವುದು ಒಂದು ದಾರಿ. ಈಗಿನ ಸ್ಥಿತಿಯಲ್ಲಿ ನನಗೆ ಇದೇ ಸರಿ ಅನ್ನಿಸುತ್ತದೆ. ಲಾಭ ಕಡಿಮೆ, ಆದರೆ ನಿಮ್ಮ ಬಂಡವಾಳ ಸಿಕ್ಕಿಹಾಕಿಕೊಳ್ಳುವುದಿಲ್ಲ, ಅಸಲಿಯೋ ನಕಲಿಯೋ ಅನ್ನುವ ಜವಾಬ್ದಾರಿ ನಿಮ್ಮ ತಲೆ ಮೇಲಿರುವುದಿಲ್ಲ. ಅಪಾಯ ಒಂದೇ. ನಿಮ್ಮ ಕೈಯಲ್ಲಿ ಹಾಳಾದದ್ದಕ್ಕೆ ನೀವೇ ದುಡ್ಡು ಕಟ್ಟಬೇಕು. ನೂರಕ್ಕೆ ಇಷ್ಟು ಹಾಳಾದರೆ ಮಾಫಿ ಅಂತ ಮೊದಲೇ ಆರ್ಡರ್‌ನಲ್ಲಿ ಬರೆಸಿಕೊಳ್ಳಿ.

ಅಧಿಕೃತ ಡಿಸ್ಟ್ರಿಬ್ಯೂಟರ್ ಹತ್ತಿರ ನೀವೇ ಕೊಳ್ಳುವುದು ಇನ್ನೊಂದು ದಾರಿ. ತಯಾರಕರ ಅನುರೂಪತೆ ಪತ್ರ, ಅಂದರೆ ಎಲ್ಲರೂ ಸಿಒಸಿ ಅನ್ನುವ ಕಾಗದ, ಜೊತೆಗೆ ಬರಬೇಕು. ಅದರ ಲಾಟ್ ನಂಬರ್, ಶೆಲ್ ಮೇಲಿನ ಡೇಟ್ ಕೋಡ್ ಎರಡೂ ತಾಳೆಯಾಗಬೇಕು. ಮಾಲು ಬರಲು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಆಗುತ್ತದೆ. ಅದನ್ನು ಲೆಕ್ಕ ಹಾಕದೆ ಡೆಲಿವರಿ ದಿನ ಒಪ್ಪಿಕೊಂಡರೆ ಮತ್ತೆ ವೈರ್ ಕಥೆಯೇ ಆಗುತ್ತದೆ.

ಬದಲಿ ಮಾಲು ಹಾಕಲೇಬೇಕು ಅಂತಿದ್ದರೆ ಕಸ್ಟಮರ್‌ಗೆ ಡೀವಿಯೇಷನ್ ಅರ್ಜಿ, ಅಂದರೆ ಡ್ರಾಯಿಂಗ್ ಬಿಟ್ಟು ಬೇರೆ ಹಾಕಲು ಅನುಮತಿ ಕೇಳುವ ಅರ್ಜಿ ಕೊಡಿ. ಟೆಸ್ಟ್ ರಿಪೋರ್ಟ್ ಜೊತೆಗಿಟ್ಟು, ಒಪ್ಪಿಗೆ ಬರಹದಲ್ಲಿ ಬಂದ ಮೇಲೆ ಹಾಕಿ. ನೆಲದ ಉಪಕರಣಕ್ಕೆ ಎಷ್ಟೋ ಸಲ ಒಪ್ಪುತ್ತಾರೆ. ಫೋನ್‌ನಲ್ಲಿ "ಪರವಾಗಿಲ್ಲ ಹಾಕಿ" ಅಂದದ್ದು ಒಪ್ಪಿಗೆಯಲ್ಲ.

ನಿಮ್ಮ ಹೊಸ ಡೀಲರ್‌ನ ಮಾಲು ಮಾತ್ರ ಬೇಡ. ಲೇಪ ಬೇರೆ, ಗುರುತು ಬೇರೆ, ಕಾಗದ ಇಲ್ಲ.

ಟೂಲ್‌ಗೆ ದುಡ್ಡು ಹಾಕಬೇಕಾ

ಹಾಕಬೇಕು. ಹೊಸ ಯೂನಿಟ್‌ನವರು ಕೇಳಿದಾಗಲೆಲ್ಲ ನಾನು ಹೇಳುವುದು ಒಂದೇ. ಹವಾನಿಯಂತ್ರಿತ ಕೋಣೆ, ಹೊಳೆಯುವ ಟೇಬಲ್ ಆಮೇಲೆ ಮಾಡಿಸಿ, ಮೊದಲು ಟೂಲ್ ತನ್ನಿ. ಎಂ22520/2-01 ಒಂದು. ಕಾಂಟ್ಯಾಕ್ಟನ್ನು ಟೂಲ್ ಒಳಗೆ ಸರಿಯಾದ ಜಾಗದಲ್ಲಿ ಹಿಡಿಯುವ ಪೊಸಿಷನರ್ ಒಂದು, ಪಿನ್‌ಗೂ ಸಾಕೆಟ್‌ಗೂ ಬೇರೆ ಬೇರೆ ಬರುತ್ತದೆ. ಟೂಲ್ ಸವೆದಿದೆಯಾ ಅಂತ ನೋಡುವ ಎಂ22520/3-1 ಅನ್ನುವ ಸಣ್ಣ ಗೇಜ್ ಒಂದು. ಟೂಲ್ ಮೇಲೆ 1ರಿಂದ 8ರವರೆಗೆ ತಿರುಗುವ ಸೆಲೆಕ್ಟರ್ ಇದೆ, ಯಾವ ವೈರ್‌ಗೆ ಯಾವ ನಂಬರ್ ಅಂತ ಪೊಸಿಷನರ್ ಜೊತೆಯ ಪಟ್ಟಿಯಲ್ಲಿರುತ್ತದೆ. ಒಮ್ಮೆ ಹಿಡಿ ಒತ್ತಲು ಶುರು ಮಾಡಿದರೆ ಪೂರ್ತಿ ಒತ್ತುವವರೆಗೆ ಅದು ಬಿಡುವುದಿಲ್ಲ. ಹಾಗಾಗಿ ಸುಸ್ತಾದ ಕೈಯಾದರೂ ಅರ್ಧ ಕ್ರಿಂಪ್ ಮಾಡಲು ಆಗುವುದಿಲ್ಲ. ಕೊಳ್ಳಲು ಈಗಲೇ ಕಷ್ಟ ಆದರೆ ಕಸ್ಟಮರ್ ಹತ್ತಿರ ಈ ಲಾಟ್ ಮುಗಿಯುವವರೆಗೆ ಕೇಳಿ ನೋಡಿ, ಕೊಡುವವರಿದ್ದಾರೆ.

ದಿನಾ ಬೆಳಿಗ್ಗೆ ಕೆಲಸ ಶುರು ಮಾಡುವ ಮುಂಚೆ ಗೇಜ್ ಹಾಕಿ ನೋಡಬೇಕು. ಹಸಿರು ತುದಿ ಒಳಗೆ ಹೋಗಬೇಕು, ಕೆಂಪು ತುದಿ ಹೋಗಬಾರದು. ಅರ್ಧ ನಿಮಿಷದ ಕೆಲಸ. ಅದೇ ವೈರ್‌ನ ಬಿಡಿ ಚೂರುಗಳಲ್ಲಿ ಮೂರು ಕ್ರಿಂಪ್ ಮಾಡಿ ಎಳೆತದ ಪರೀಕ್ಷೆಯನ್ನೂ ಮಾಡಿ ಬರೆದಿಡಿ. ಕ್ರಿಂಪ್ ಆದ ಮೇಲೆ ಕೊಳವೆಯ ಬದಿಯ ಸಣ್ಣ ತೂತಿನಲ್ಲಿ ತಾಮ್ರದ ಎಳೆ ಕಾಣಬೇಕು. ಕಾಣದಿದ್ದರೆ ವೈರ್ ತಳದವರೆಗೆ ಹೋಗಿಲ್ಲ ಅಂತ ಅರ್ಥ. ಇನ್ಸುಲೇಷನ್ ಮತ್ತು ಕೊಳವೆಯ ನಡುವೆ ಸ್ವಲ್ಪ ಸಂದು ಇರಲಿ, ವೈರ್‌ನ ದಪ್ಪಕ್ಕಿಂತ ಜಾಸ್ತಿ ಬೇಡ. ವೈರ್ ಸುಲಿಯುವಾಗ ಒಂದು ಎಳೆ ತುಂಡಾದರೂ ಆ ತುದಿ ಕತ್ತರಿಸಿ ಮತ್ತೆ ಸುಲಿಯಿರಿ.

ಪ್ರತಿ ಹಾರ್ನೆಸ್ ಜೊತೆ ಒಂದು ಕಾರ್ಡ್ ಇರಲಿ. ಯಾವ ಟೂಲ್, ಯಾರು ಮಾಡಿದ್ದು, ಯಾವ ದಿನ, ಯಾವ ಲಾಟ್ ವೈರ್. ಇದರ ಬೆಲೆ ನನಗೆ ಗೊತ್ತಾದದ್ದು ಹೇಗೆ ಅಂತ ಹೇಳುತ್ತೇನೆ. ನಾನು ಹೊಸದಾಗಿ ಕೆಲಸಕ್ಕೆ ಸೇರಿದ್ದ ಕಾರ್ಖಾನೆಯಲ್ಲಿ ಒಂದು ಶನಿವಾರ ಸಂಜೆ ಒಂದು ಟೂಲ್‌ಗೆ ಕೆಂಪು ತುದಿಯೂ ಒಳಗೆ ಹೋಯಿತು. ಸವೆದುಹೋಗಿತ್ತು. ನಡುವೆ ಗೇಜ್ ನೋಡುವುದನ್ನು ಬಿಟ್ಟಿದ್ದರು, ಹಿಂದಿನ ಸಲ ನೋಡಿ ಮೂರು ವಾರ ಆಗಿತ್ತು. ಮೂರು ವಾರದಲ್ಲಿ ನೂರಾರು ಹಾರ್ನೆಸ್ ಹೊರಗೆ ಹೋಗಿದ್ದವು. ಎಲ್ಲವನ್ನೂ ವಾಪಸ್ ಕರೆಸಬೇಕಾಗುತ್ತದೆ ಅಂತ ಎಲ್ಲರ ಮುಖ ಬಾಡಿತ್ತು. ಕಾರ್ಡ್ ತೆಗೆದು ನೋಡಿದರೆ ಆ ಟೂಲ್ ಬಳಸಿದ್ದು 60ರಲ್ಲಿ ಮಾತ್ರ. ಆ 60 ವಾಪಸ್ ಬಂದವು, ಮಿಕ್ಕವು ಅಲ್ಲೇ ಉಳಿದವು. ಆ ಕಾರ್ಡ್‌ಗಳನ್ನು ಬರೆದಿದ್ದವರು ಲೈನಿನ ಒಬ್ಬ ಹಿರಿಯ ಆಪರೇಟರ್ ಅಕ್ಕ. ಅಲ್ಲಿಯವರೆಗೆ ಅವರನ್ನು ಎಲ್ಲರೂ "ಸುಮ್ನೆ ಬರೀತಾ ಕೂರ್ತಾರೆ" ಅನ್ನುತ್ತಿದ್ದರು.

ನಿಮ್ಮ ಟೂಲ್ ಮತ್ತು ಎಳೆತದ ಮೀಟರ್‌ಗಳನ್ನು ವರ್ಷಕ್ಕೊಮ್ಮೆ ಎನ್‌ಎಬಿಎಲ್ ಮಾನ್ಯತೆಯ ಲ್ಯಾಬ್‌ನಲ್ಲಿ ಕ್ಯಾಲಿಬ್ರೇಷನ್ ಮಾಡಿಸಿ. ತುಮಕೂರಿನಿಂದ ಪೀಣ್ಯ ದೂರವೇನಲ್ಲ. ಬೆಳಿಗ್ಗೆ ಹೋಗಿ ಕೊಟ್ಟು ಬರಬಹುದು.

ಇನ್ನೊಂದು ಮಾತು, ನೀವು ಕೇಳಿಲ್ಲ ಆದರೂ ಹೇಳಲೇಬೇಕು. ನಾಲ್ಕನೇ ಫೋಟೊದಲ್ಲಿ ಬೆಂಚಿನ ಮೇಲೆ ಕನೆಕ್ಟರ್ ಪಕ್ಕ ಟಿಫನ್ ಡಬ್ಬಿ ಕಾಣುತ್ತಿದೆ. ಆ ಆಲಿವ್ ಹಸಿರಿನ ಲೇಪದಲ್ಲಿರುವ ಕ್ಯಾಡ್ಮಿಯಂ ವಿಷ. ಮೈಗೆ ಸೇರಿದರೆ ವರ್ಷಾನುಗಟ್ಟಲೆ ಮೂತ್ರಪಿಂಡದಲ್ಲಿ ಉಳಿಯುತ್ತದೆ. ಮುಟ್ಟಿದ ಮಾತ್ರಕ್ಕೆ ಗಾಬರಿ ಬೇಡ. ಆದರೆ ಆ ಶೆಲ್ ಅನ್ನು ಅರದಿಂದ ಉಜ್ಜಬೇಡಿ, ಮರಳು ಕಾಗದ ಹಾಕಬೇಡಿ. ಊಟ, ಕಾಫಿ ಬೇರೆ ಕಡೆ ಇರಲಿ. ಊಟಕ್ಕೆ ಮುಂಚೆ ಸೋಪಿನಲ್ಲಿ ಕೈ ತೊಳೆಯುವುದು ಕಡ್ಡಾಯ ಮಾಡಿ.

ವಾಪಸ್ ಬಂದ 40 ಹಾರ್ನೆಸ್

ಎರಡು ತುದಿ, 13 ವೈರ್, 40 ಹಾರ್ನೆಸ್. ಒಟ್ಟು 1,040 ಕ್ರಿಂಪ್. ಐದರಲ್ಲಿ ಮಾತ್ರ ತಪ್ಪು ಕಂಡಿದೆ, ಮಿಕ್ಕ 35 ಉಳಿಸಿಕೊಳ್ಳೋಣ ಅಂತ ಮನಸ್ಸು ಎಳೆಯುತ್ತದೆ. ಬೇಡ. ಎಲ್ಲವೂ ಅದೇ ಇಕ್ಕಳದಲ್ಲಿ, ಅದೇ ವೈರ್‌ನಲ್ಲಿ ಆದವು. ಒಮ್ಮೆ ಒತ್ತಿದ ಕಾಂಟ್ಯಾಕ್ಟನ್ನು ಮತ್ತೆ ಬಳಸಲು ಬರುವುದಿಲ್ಲ. ವೈರ್ ಪೂರ್ತಿ ಹೊಸದಾಗಬೇಕು. ಕನೆಕ್ಟರ್‌ಗಳ ವಿಷಯದಲ್ಲಿ ಪೂರ್ತಿ ನಿರಾಶೆ ಬೇಡ. ಹೊರತೆಗೆಯುವ ಟೂಲ್‌ನಿಂದ ಸಾಕೆಟ್‌ಗಳನ್ನು ನಿಧಾನವಾಗಿ ತೆಗೆದು, ಒಂದೊಂದು ಗ್ರೊಮೆಟನ್ನೂ ಭೂತಗನ್ನಡಿಯಲ್ಲಿ ನೋಡಿ. ತುಟಿ ಕಿತ್ತಿದ್ದರೆ ಅದು ಹೋಯಿತು. ದಪ್ಪ ವೈರ್ ತೂರಿದ್ದರಿಂದ ಬಹಳಷ್ಟು ಹೋಗಿರುತ್ತವೆ ಅನ್ನಿಸುತ್ತದೆ. ಚೆನ್ನಾಗಿ ಉಳಿದವನ್ನು ಮತ್ತೆ ಬಳಸಬಹುದಾ ಅನ್ನುವುದನ್ನು ಕಸ್ಟಮರ್ ಹೇಳಲಿ, ನೀವೇ ತೀರ್ಮಾನ ಮಾಡಬೇಡಿ.

ಕಸ್ಟಮರ್ ಕೇಳುವ 8ಡಿ ರಿಪೋರ್ಟ್‌ನಲ್ಲಿ (ತಪ್ಪಿನ ಕಾರಣ, ಪರಿಹಾರಗಳನ್ನು ಎಂಟು ಹಂತದಲ್ಲಿ ಬರೆಯುವ ವರದಿ) ಕಾರಣದ ಜಾಗಕ್ಕೆ "ಆಪರೇಟರ್ ಅಜಾಗರೂಕತೆ" ಅಂತ ಬರೆಯಬೇಡಿ. ಅದು ನಿಜವಲ್ಲ. ಸರಿಯಾದ ಟೂಲ್ ಇರಲಿಲ್ಲ, ವೈರ್ ಅನುಮತಿ ಇಲ್ಲದೆ ಬದಲಾಯಿತು, ಕ್ರಿಂಪ್ ಪರೀಕ್ಷೆ ಇರಲಿಲ್ಲ ಅಂತ ಬರೆಯಿರಿ. ಹೊಸ ಟೂಲ್ ಬಿಲ್, ತರಬೇತಿಗೆ ಹೋಗುವವರ ಹೆಸರು ಜೊತೆಗಿಡಿ.

ಗ್ರೊಮೆಟ್ ಕಿತ್ತ ಕನೆಕ್ಟರ್‌ಗಳ ಮೇಲೆ ಇವತ್ತೇ ಕೆಂಪು ಬಣ್ಣ ಬಳಿದು ಬೇರೆ ಪೆಟ್ಟಿಗೆಗೆ ಹಾಕಿ. ಒಳ್ಳೆ ಮಾಲಿನ ಜೊತೆ ಸೇರಬಾರದು. ಗುಜರಿಗೆ ಮಾತ್ರ ಹಾಕಬೇಡಿ, ಅಲ್ಲಿಂದ ಯಾರದೋ ಅಂಗಡಿಗೆ ಹೋಗಿ ಮತ್ತೆ ಹೊಸದಾಗಿ ಮಾರಾಟವಾಗುವ ಅಪಾಯ ಇದೆ. ಹೊಸ ಟೂಲ್ ಬಂದ ಮೇಲೆ ನಿಮ್ಮ ಹುಡುಗಿಯರಿಗೆ ಅವೇ ಅಭ್ಯಾಸಕ್ಕೆ ಆಗುತ್ತವೆ. ಒಬ್ಬೊಬ್ಬರೂ 50 ಕ್ರಿಂಪ್ ಮಾಡಲಿ, ಕೆಂಪು ಕನೆಕ್ಟರ್‌ನಲ್ಲಿ ಸಾಕೆಟ್ ತೂರಿಸಿ ಆ "ಟಕ್" ಸದ್ದನ್ನು ಕಿವಿಯಾರೆ ಕೇಳಲಿ. ಆಮೇಲೆ ಅಸಲಿ ಕೆಲಸಕ್ಕೆ ಕೂರಿಸಿ.